ಅಂಟಕ್ಕ ಮತ್ತು ಕಾಣೆಯಾದ ಹದಿನಾರು ಪುಟ

ನಂಬಿದರೆ ನಂಬಿ, ಇಲ್ಲದಿದ್ದರೆ ಅಂಟಕ್ಕನ ಪಾತ್ರೆಯಲ್ಲಿ ಬೆರಳದ್ದಿ ನೋಡಿ. ಒಮ್ಮೆ ಹಿಡಿದರೆ ಅದು ಸುಲಭಕ್ಕೆ ಬಿಡುವುದಿಲ್ಲ. ಅಂಟಕ್ಕನನ್ನು ಹಿಡಿದ ಪುಸ್ತಕದ ಕಥೆಯೂ ಹಾಗೆಯೇ.

ಬೆಳಗಿನ ಆರು ಗಂಟೆ. ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ, ಸ್ಟವ್ ಮೇಲೆ ಹಿಟ್ಟಿನ ಅಂಟು ಗುಳುಗುಳು ಎನ್ನುತ್ತಿದೆ. ಹುಳ ಹಿಡಿಯದಿರಲೆಂದು ಹಾಕಿದ ಚಿಟಿಕೆ ಮೈಲುತುತ್ತದಿಂದ ಅದರ ಬಣ್ಣ ತಿಳಿನೀಲಿಗೆ ತಿರುಗುತ್ತಿದೆ. ಐವತ್ತೆಂಟರ ಹೆಂಗಸೊಬ್ಬರು ತೋರುಬೆರಳಿಗೆ ಒಂದು ತೊಟ್ಟು ಹಚ್ಚಿ, ಹೆಬ್ಬೆರಳಿನಿಂದ ಒತ್ತಿ, ಬಿಡಿಸಿ ನೋಡುತ್ತಾರೆ. "ಬಿಡೋಕೆ ಬೆರಳು ಸ್ವಲ್ಪ ಹಟ ಮಾಡ್ಬೇಕು. ಮಾಡಿದ್ರೆ ಹದ ಬಂದಿದೆ ಅಂತ."

ಹರಿದ ಪುಸ್ತಕಗಳನ್ನು ಹೊಲಿದು, ಅಂಟಿಸಿ, ರಟ್ಟು ಕಟ್ಟಿ ಮತ್ತೆ ಕಪಾಟಿಗೆ ಕಳಿಸುವುದು ಇವರ ಕೆಲಸ. ಓದಲು ಬರುವ ಮಕ್ಕಳ ಬಾಯಲ್ಲಿ ಇವರು ಅಂಟಕ್ಕ. ದಿನಕ್ಕೆ ಒಂಬತ್ತು ಪುಸ್ತಕದಂತೆ ಇಪ್ಪತ್ತೇಳು ವರ್ಷ. ಅರವತ್ತೈದು ಸಾವಿರದ ಆಸುಪಾಸು ಪುಸ್ತಕಗಳು ಈ ಕೈಯಿಂದ ಎರಡನೇ ಜನ್ಮ ಪಡೆದಿವೆ. ದಬ್ಬಳ ಒತ್ತಿ ಒತ್ತಿ ಬಲಗೈ ಹೆಬ್ಬೆರಳಿಗೆ ಈಗ ಬಿಸಿ ತಣ್ಣಗಿನ ವ್ಯತ್ಯಾಸವೇ ತಿಳಿಯುವುದಿಲ್ಲ. ಆದರೆ ಕಳೆದ ತಿಂಗಳವರೆಗೆ, ಅಷ್ಟರಲ್ಲಿ ಒಂದೇ ಒಂದು ಪುಸ್ತಕವನ್ನೂ ಅವರು ಓದಿರಲಿಲ್ಲ.

ತಾಯಿಗೆ ಹುಷಾರಿಲ್ಲವೆಂದು ಶಾಲೆ ಏಳನೇ ತರಗತಿಗೇ ನಿಂತಿತು. ಮದುವೆಯಾದ ಮೇಲೆ ಕಸುಬು ಕಲಿಸಿದ್ದು ಅತ್ತೆ. "ಕಣ್ಣು ದಾರದ ಮೇಲಿರ್ಲಿ, ಅಕ್ಷರದ ಮೇಲೆ ಬೇಡ. ನೀನು ಓದ್ತಾ ಕೂತ್ರೆ ಅಂಟು ಒಣಗುತ್ತೆ" ಎಂದು ಅತ್ತೆ ಹಾಕಿದ ಗೆರೆಯನ್ನು ಸೊಸೆ ದಾಟಲಿಲ್ಲ. "ದಪ್ಪ ಪುಸ್ತಕ ನನಗಲ್ಲ ಅಂತ ಒಳಗೊಳಗೇ ಅಂಜಿಕೆನೂ ಇತ್ತು" ಎಂದು ಮೆಲ್ಲಗೆ ಸೇರಿಸುತ್ತಾರೆ.

ಈ ಮಾತು ಕೇಳಿ ಕೇಳಿ ಸುಸ್ತಾದವರು ಗ್ರಂಥಪಾಲಕರು. ತುಟಿಯ ಮೇಲೆ ಸದಾ ತೋರುಬೆರಳಿಟ್ಟುಕೊಂಡೇ ಇರುವುದರಿಂದ ಊರಿಗೆಲ್ಲ ಅವರು 'ಶ್ ಸಾರ್'. ಮಾತಿಗೂ ಮುದ್ರೆ ಒತ್ತಿದಂತೆ ತುಂಡು ತುಂಡಾಗಿ ಆಡುವವರು. "ಅಂಟಕ್ಕ. ಒಂದು. ಒಂದೇ ಒಂದು. ಓದಿ ನೋಡಿ." ಪ್ರತಿ ವರ್ಷ ಇದೇ ಮಾತು. ಪ್ರತಿ ವರ್ಷ ಅಂಟು ಒಣಗುತ್ತದೆಂಬ ಅದೇ ನೆಪ.

ಕಳೆದ ತಿಂಗಳು ಶ್ ಸಾರ್ ಒಂದು ಕಟ್ಟು ತಂದು ಮೇಜಿನ ಮೇಲಿಟ್ಟರು. ಹದಿಹರೆಯದವರು ಎಳೆದಾಡಿ ಓದುವ ಕಾದಂಬರಿ. ಮಡಿಕೆಗಳು ಸವೆದು ಹಾಳೆಗಳೆಲ್ಲ ಬಿಡಿಬಿಡಿ. ಮೆಟ್ಟಿಲ ಮೇಲಿಂದ ಬಿದ್ದು ಹಿಂದುಮುಂದಾಗಿದ್ದವು. ಹೊಂದಿಸೋಣವೆಂದರೆ ಯಾವ ಪುಟಕ್ಕೂ ಸಂಖ್ಯೆಯೇ ಇಲ್ಲ. ಅಂಟಕ್ಕನಿಗೆ ತಕ್ಷಣ ನೆನಪಾಯಿತು. ಒಂಬತ್ತು ವರ್ಷದ ಹಿಂದೆ ಇದೇ ಪುಸ್ತಕದ ಅಂಚು ಸಮ ಮಾಡುವಾಗ ಕತ್ತರಿಯಂತ್ರದಲ್ಲಿ ಒಂದು ಕೂದಲೆಳೆ ಹೆಚ್ಚು ಕತ್ತರಿಸಿ, ಅಡಿಯಲ್ಲಿದ್ದ ಪುಟಸಂಖ್ಯೆಗಳನ್ನೆಲ್ಲ ಹಾರಿಸಿದ್ದವರು ಅವರೇ.

"ಶನಿವಾರ ರದ್ದಿ ಗಾಡಿ ಬರುತ್ತೆ" ಎಂದರು ಶ್ ಸಾರ್. "ಸರಿಯಾದರೆ ಕಪಾಟು. ಇಲ್ಲದಿದ್ದರೆ ಗಾಡಿ. ನಿಯಮ."

ಆ ಪುಸ್ತಕಕ್ಕಾಗಿ ಕಾಯುವವರ ಪಟ್ಟಿಯಲ್ಲಿ ಹದಿನಾಲ್ಕು ಮಕ್ಕಳಿದ್ದರು. ತಪ್ಪು ತನ್ನದು. ಉಳಿದ ದಾರಿ ಒಂದೇ, ಓದಬೇಕು.

ಮೊದಲು ಒಂದು ಹಾಳೆಯ ಕೊನೆಯ ಸಾಲು, ಇನ್ನೊಂದರ ಮೊದಲ ಸಾಲು, ಅಷ್ಟೇ ನೋಡಿದರು. ಆಮೇಲೆ ಕಣ್ಣು ತಾನಾಗಿ ನಡುವಿನ ಸಾಲುಗಳಿಗೆ ಜಾರಿತು. ನೆಲಕ್ಕೆ ಜನರನ್ನು ಹಿಡಿದಿಡುವ ಶಕ್ತಿ ಮುಗಿದುಹೋದ ಊರಿನ ಕಥೆ. ಕಾಲಿಗೆ ಸೀಸ ಕಟ್ಟಿಕೊಂಡು ಓಡಾಡುವ ಜನ, ಮಂಚಕ್ಕೆ ಬಿಗಿದುಕೊಂಡು ಮಲಗುವ ಮಕ್ಕಳು. ಹಗ್ಗ ಹೊಸೆಯುವವನ ಹದಿನೈದರ ಮಗಳು, ಎಂದೋ ಮೇಲಕ್ಕೆ ಹಾರಿಹೋದ ಅಜ್ಜಿಯನ್ನು ಹುಡುಕಿಕೊಂಡು, ಮನೆಗೆ ಕಟ್ಟಿದ ಹಗ್ಗ ಹಿಡಿದು ಆಕಾಶಕ್ಕೆ ಹೊರಡುತ್ತಾಳೆ. ಹಾಳೆಗಳು ಕಲಸಿಹೋಗಿದ್ದರಿಂದ, ಅಜ್ಜಿ ಹಾರಿಹೋದದ್ದು ತಿಳಿಯುವ ಮೊದಲೇ ಅಂಟಕ್ಕನಿಗೆ ಅಜ್ಜಿಯ ಪತ್ರ ಸಿಕ್ಕಿತ್ತು. "ಅಜ್ಜಿ ಸತ್ತಿಲ್ಲ ಅಂತ ನನಗೊಬ್ಬಳಿಗೇ ಗೊತ್ತು, ಆ ಹುಡುಗಿಗೆ ಹೇಗಪ್ಪ ಹೇಳೋದು ಅಂತ ಒದ್ದಾಡಿಬಿಟ್ಟೆ."

ಆ ವಾರ, ಇಪ್ಪತ್ತೇಳು ವರ್ಷದಲ್ಲಿ ಮೊದಲ ಬಾರಿ, ಅಂಟು ತಳ ಹಿಡಿಯಿತು.

ಮನೆಯಲ್ಲಿ ಬಸ್ ಡಿಪೋದ ಮೆಕ್ಯಾನಿಕ್ ಗಂಡ, ಕೈಯ ಗ್ರೀಸ್ ಒರೆಸಿಕೊಳ್ಳುವ ಮೊದಲೇ ಕೇಳತೊಡಗಿದರು. "ಏನಂತೆ ನಿನ್ನ ಹುಡುಗಿ, ಎಲ್ಲಿವರೆಗೆ ಹೋದ್ಲು?"

"ಮೋಡ ದಾಟಿದ್ಲು."

"ಜನಕ್ಕೆ ಸೀಸ ಸರಿ ಕಣೇ, ಬಸ್ಸಿಗೆ ಏನು ಕಟ್ತಾರಂತೆ?"

"ಅಲ್ಲಿ ಬಸ್ಸೇ ಇಲ್ಲ."

"ಮತ್ತೆ ಅದೆಂಥ ಊರು" ಎಂದು ಗಂಡ ಮುನಿಸಿಕೊಂಡರಾದರೂ ಮರುದಿನ ಮತ್ತೆ ಕೇಳಿದರು.

ಗುರುವಾರ ಬೆಳಿಗ್ಗೆ ಕೊನೆಯ ಹಾಳೆ ಜಾಗ ಸೇರಿತು. ಹಗ್ಗ ಮುಗಿದಿದೆ. ಅಜ್ಜಿಯ ಕೈ ಇನ್ನೂ ಎರಡು ಮೊಳ ಮೇಲಿದೆ. ಹುಡುಗಿ ಸೊಂಟದಿಂದ ಚಾಕು ತೆಗೆಯುತ್ತಾಳೆ. ಅಷ್ಟೇ. ಮುಂದಿನ ಹದಿನಾರು ಪುಟ, ಅಂದರೆ ಒಟ್ಟಿಗೆ ಮಡಿಸಿ ಹೊಲಿಯುವ ಇಡೀ ಒಂದು ಫಾರಂ, ಮಾಯ.

ಅದನ್ನು ಮೊದಲೇ ಓದಿದ್ದ ಉದ್ದ ಜಡೆಯ ಹುಡುಗಿಯೊಬ್ಬಳನ್ನು ತಡೆದು ಕಥೆಯ ಕೊನೆ ಕೇಳಿದರು. "ಓದದೇ ಇರೋರಿಗೆ ಕೊನೆ ಹೇಳ್ಬಾರ್ದು ಅಕ್ಕ, ಪಾಪ ಬರುತ್ತೆ" ಎಂದು ಅವಳು ಓಡಿದಳು. ಶ್ ಸಾರ್ ಬಳಿ ಹೋದರೆ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಪುಟ ಇಲ್ಲವೇ? ಹಾಗಾದರೆ ಗಾಡಿ. ನಿಯಮ. ಅಂದ ಹಾಗೆ, ಕೊನೆ ಯಾಕೆ ಬೇಕು ನಿಮಗೆ? ನೀವು ಓದುವವರಲ್ಲವಲ್ಲ."

ಕೋಣೆಗೆ ಮರಳಿ ಅಂಟಕ್ಕ ಪುಸ್ತಕದ ಹಳೆಯ ಬೆನ್ನನ್ನು ಬೆಳಕಿಗೆ ಹಿಡಿದರು. ಹತ್ತೊಂಬತ್ತು ಫಾರಂಗಳ ದಾರ ಎಳೆಎಳೆಯಾಗಿ ಬಿಚ್ಚಿಕೊಂಡಿತ್ತು. ಇಪ್ಪತ್ತನೆಯದರ ದಾರ ಮಾತ್ರ ನುಣ್ಣಗಿತ್ತು. "ತಾನಾಗಿ ಹರಿದ ದಾರಕ್ಕೆ ಗಡ್ಡ ಇರುತ್ತೆ. ಇದು ಈಗತಾನೆ ಕ್ಷೌರ ಮಾಡಿಸ್ಕೊಂಡು ಬಂದಿತ್ತು" ಎನ್ನುತ್ತಾರೆ ಅವರು. ಕಟ್ಟಡದಲ್ಲಿ ಇದ್ದದ್ದು ಎರಡೇ ಕತ್ತರಿ. ಒಂದು ಅವರದು. ಇನ್ನೊಂದು ಶ್ ಸಾರ್ ಡ್ರಾಯರಿನಲ್ಲಿ.

ಅಂಟಕ್ಕ ಜಗಳಕ್ಕೆ ಹೋಗಲಿಲ್ಲ. ಆ ಸಂಜೆ ಶ್ ಸಾರ್ ಅವರ ಮೇಜಿನ ಮುಂದೆ ಹೋಗಿ ನಿಂತರು. ಮೂರು ವಾರದಿಂದ ಊಟದ ಹೊತ್ತಿನಲ್ಲಿ ಸಾರ್ ಚಪ್ಪರಿಸಿಕೊಂಡು ಓದುತ್ತಿದ್ದ ದಪ್ಪ ಪತ್ತೇದಾರಿ ಕಾದಂಬರಿ ಅಲ್ಲಿತ್ತು. "ಸಾರ್, ಇದರ ಬೆನ್ನು ಸಡಿಲ ಆಗಿದೆ. ಕೊಡಿ, ಎರಡು ಹೊಲಿಗೆ ಹಾಕ್ತೀನಿ." ಶುಕ್ರವಾರ ಬೆಳಿಗ್ಗೆ ಪುಸ್ತಕ ಹೊಸ ಮದುಮಗನಂತೆ ಮೇಜಿಗೆ ಬಂತು.

ಮಧ್ಯಾಹ್ನ. ಶ್ ಸಾರ್ ಊಟದ ಡಬ್ಬಿ ಬಿಚ್ಚಿ, ಪುಸ್ತಕ ತೆರೆದರು. ಪತ್ತೇದಾರ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ, ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ ಎಂದು ಬೆರಳೆತ್ತಿದ. ಪುಟ ಮಗುಚಿದರು. ಖಾಲಿ. ಇನ್ನೊಂದು, ಖಾಲಿ. ಅಚ್ಚುಕಟ್ಟಾಗಿ ಹೊಲಿದ ಹದಿನೈದು ಖಾಲಿ ಪುಟ. ಹದಿನಾರನೆಯದರಲ್ಲಿ ದುಂಡಗಿನ ಪೆನ್ಸಿಲ್ ಅಕ್ಷರ:

"ನಿಮ್ಮ ಕೊಲೆಗಾರ ನನ್ನ ವಶದಲ್ಲಿದ್ದಾನೆ. ನನ್ನ ಹುಡುಗಿಯನ್ನು ಬಿಡಿ, ಅವನನ್ನು ಬಿಡುತ್ತೇನೆ."

ಶ್ ಸಾರ್ ಮುಖ ಕೆಂಪಾಯಿತು. ತುತ್ತು ಗಂಟಲಿಗೆ ಸಿಕ್ಕಿತೆಂದು ಯಾರೋ ನೀರು ತಂದರು. ಅಷ್ಟರಲ್ಲಿ ಮೂವತ್ತು ವರ್ಷ ಅದುಮಿಟ್ಟಿದ್ದ ನಗು ಸಿಡಿದು ಕಪಾಟುಗಳ ಗಾಜು ಅದುರಿತು. ಡ್ರಾಯರಿನಿಂದ ಫಾರಂ ತೆಗೆದು, ಕಣ್ಣೊರೆಸಿಕೊಳ್ಳುತ್ತ ಅವರೇ ಹಿಂಬದಿಯ ಕೋಣೆಗೆ ನಡೆದರು. "ಕೊನೆ ಬೇಕು ಅಂತ ಬಂದರೆ ತಾನೆ ನೀವು ಓದಿದ್ದು ಗೊತ್ತಾಗೋದು. ಅದಕ್ಕೇ ಕತ್ತರಿಸಿದ್ದೆ. ತಗೊಳ್ಳಿ, ನಿಮ್ಮ ಹುಡುಗಿ." ಕೈಗೆ ಕೈ, ಫಾರಂಗೆ ಫಾರಂ. ಅಂಟಕ್ಕ ನಿಂತಲ್ಲೇ ಹದಿನಾರು ಪುಟ ಓದಿ ಮುಗಿಸಿದರು.

ಶನಿವಾರ ಗಾಡಿ ಆ ಪುಸ್ತಕವಿಲ್ಲದೆ ಹೋಯಿತು. ಈಗ ಅದರ ಪ್ರತಿ ಪುಟದಲ್ಲೂ ಅಂಟಕ್ಕನ ಕೈಯ ಸಂಖ್ಯೆಗಳಿವೆ, ಒಂದರಿಂದ ಮುನ್ನೂರ ಇಪ್ಪತ್ತರವರೆಗೆ. ಒಳರಟ್ಟಿನ ಹೊಸ ಚೀಟಿಯಲ್ಲಿ ಮೊದಲ ಓದುಗರಾಗಿ ಅವರದೇ ಸದಸ್ಯ ಸಂಖ್ಯೆಯಿದೆ. ಹುಡುಗಿ ಹಗ್ಗ ಕತ್ತರಿಸಿದಳೇ ಎಂದು ಕೇಳಿದರೆ ಅವರದೂ ಅದೇ ಉತ್ತರ. "ಓದದೇ ಇರೋರಿಗೆ ಹೇಳ್ಬಾರ್ದು. ಪಾಪ ಬರುತ್ತೆ." ಗಂಡನಿಗೂ ಹೇಳಿಲ್ಲವಂತೆ, ಅವರು ಈಗ ನಲವತ್ತನೇ ಪುಟದಲ್ಲಿದ್ದಾರೆ.

ಅಂಟು ಆರುತ್ತಿದೆ. ಬಾಗಿಲು ತೆರೆದು ಶ್ ಸಾರ್ ಒಳಗೆ ಇಣುಕುತ್ತಾರೆ. "ಅಂಟಕ್ಕ. ಎರಡನೇ ಭಾಗ. ಬಂದಿದೆ. ಹೊಸದು."

"ಹೊಸದು ಮಕ್ಕಳಿಗೆ ಕೊಡಿ ಸಾರ್. ಬೇಗ ಹರಿದು ನನ್ನ ಹತ್ರ ಬರ್ಲಿ, ಅಷ್ಟು ಸಾಕು" ಎನ್ನುತ್ತಾರೆ ಅಂಟಕ್ಕ. "ಆದ್ರೆ ನಿಮ್ಮ ಕತ್ತರಿ ಈಗ್ಲೇ ಇಲ್ಲಿಟ್ಟು ಹೋಗಿ."

ಪತ್ರಿಕೆ ಓದಲು ಎಲ್ಲರಿಗಿಂತ ಮೊದಲು ಬಂದು ಕೂತಿದ್ದ ಅಜ್ಜಿಯೊಬ್ಬರು ಆಚೆಯಿಂದ ಕಿಸಕ್ಕೆನ್ನುತ್ತಾರೆ. ಅಂಟಕ್ಕ ನಗುತ್ತಾರೆ. ಆಮೇಲೆ ಅಜ್ಜಿಯೇ ತುಟಿಯ ಮೇಲೆ ಬೆರಳಿಟ್ಟು "ಶ್, ಸಾರ್" ಎನ್ನಬೇಕಾಗುತ್ತದೆ. ಯಾಕೆಂದರೆ ಎಲ್ಲರಿಗಿಂತ ಜೋರಾಗಿ ನಗುತ್ತಿರುವವರು ಶ್ ಸಾರ್.