ವೈನಿ ಎಳೆಯುತ್ತಿದ್ದ ಬಾಣ

ಇಂದು ಬೆಳಿಗ್ಗೆ ಪಕ್ಕದ ಮನೆಯವರು ಆಸಿಡ್ ಹಾಕಿ ಬಚ್ಚಲು ತೊಳೆಯುತ್ತಿದ್ದರು. ಕಿಟಕಿಯಿಂದ ವಾಸನೆ ಒಳಗೆ ಬಂತು ನೋಡಿ, ಬಲಗೈಯಲ್ಲಿ ಚಹಾ ಇದ್ದಂತೆಯೇ ಎಡಗೈ ತಾನಾಗಿ ಹೋಗಿ ಕಣ್ಣು ಮುಚ್ಚಿತು. ಚಿಕ್ಕೋಡಿಯಲ್ಲಿ ಕೆಮಿಸ್ಟ್ರಿ ಟ್ಯೂಷನ್ ಹೇಳುವವನು ನಾನು. ಆಸಿಡ್ಡಿಗೆ ಹೆದರುತ್ತೇನೆಂದು, ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಹಾಕುವುದು ಅದಕ್ಕೇ ಎಂದು ಮಕ್ಕಳಿಗೆ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ.

ನನ್ನ ಮೊದಲ ವಿದ್ಯಾರ್ಥಿನಿ ನಮ್ಮ ವೈನಿ, ಅಣ್ಣನ ಹೆಂಡತಿ. ಪಿಯುಸಿಯಲ್ಲಿ ಕೆಮಿಸ್ಟ್ರಿ ಒಂದರಲ್ಲೇ ಫೇಲಾಗಿ, ಮದುವೆಯಾಗಿ ನಮ್ಮೂರು ಪಾಲಬಾವಿಗೆ ಬಂದು, ಮತ್ತೆ ಪರೀಕ್ಷೆಗೆ ಕಟ್ಟಿದ್ದರು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಮಾಸ್ತರಿಕೆ ಸಿಕ್ಕಿತು. ಎರಡು ಮೋಲಾರ್ ದ್ರಾವಣ ಇನ್ನೂರು ಮಿಲಿ, ಒಂದು ಮೋಲಾರಿನದು ಮುನ್ನೂರು ಮಿಲಿ, ಬೆರೆಸಿದರೆ ಸಾಂದ್ರತೆ ಎಷ್ಟು? ವೈನಿ ಒಂದೂವರೆ ಎಂದರು. ಸರಾಸರಿಯಲ್ಲ, ಒಂದೊಂದನ್ನೂ ಅದರ ಅಳತೆಯಿಂದ ಗುಣಿಸಿ, ಕೂಡಿಸಿ, ಒಟ್ಟು ಐನೂರರಿಂದ ಭಾಗಿಸಿ ಎಂದೆ. ಒಂದು ಪಾಯಿಂಟ್ ನಾಲ್ಕು ಬಂತು. ಆ ತಪ್ಪನ್ನು ಅವರು ಮತ್ತೆಂದೂ ಮಾಡಲಿಲ್ಲ. ಆದರೆ ಪ್ರತಿ ಲೆಕ್ಕಕ್ಕೂ ಮುಂಚೆ ಎರಡು ತಂಬಿಗೆ ಬರೆದು, ನಡುವೆ ಬಾಣ ಎಳೆಯಲು ಪೆನ್ಸಿಲ್ ಹಿಡಿದು ಕಾಯುವರು.

"ಯಾವ್ದು ಯಾವುದ್ರಾಗ ಹಾಕೂದ್ರಿ, ಮಾಸ್ತರ್ರ?"

"ಹೆಂಗ ಹಾಕಿದ್ರೂ ಉತ್ತರ ಒಂದ ಬರ್ತೈತಿ ವೈನಿ. ನಡಕ ಪ್ಲಸ್ ಐತಿ."

"ಹಿಟ್ಟಿಗೆ ನೀರ ಹಾಕಿದ್ರ ರೊಟ್ಟಿ, ನೀರಿಗೆ ಹಿಟ್ಟ ಹಾಕಿದ್ರ ಅಂಬಲಿ. ಎರಡೂ ಒಂದ ಅಂದ್ರ, ನಿಮಗ ಇವತ್ತ ಅಂಬಲಿನ ಸಾಕೇನ್ರಿ?"

ಈ ಬಾಣಕ್ಕೆ ಅಂಕ ಇಲ್ಲ, ಬರೀ ಹೊತ್ತು ಹಾಳು ಎಂದು ನಾನು ಉಪದೇಶ ಮಾಡಿದೆ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ ಎಂದು ಕಾಲೇಜಿನಲ್ಲಿ ಬರೆದು ಒಂದು ಅಂಕ ಗಿಟ್ಟಿಸಿದವನೂ ನಾನೇ.

ಕಬ್ಬಿನ ಹೊಲದ ಡ್ರಿಪ್ ಪೈಪುಗಳಲ್ಲಿ ಬಾವಿ ನೀರಿನ ಸುಣ್ಣ ಕಟ್ಟಿತ್ತು. ಆಸಿಡ್ ಬೆರೆಸಿದ ನೀರು ಬಿಟ್ಟು ತೊಳೆಯಬೇಕು. ಅಣ್ಣ ಕಬ್ಬಿನ ಟ್ರ್ಯಾಕ್ಟರ್ ಒಯ್ದು ಉಗಾರದ ಸಕ್ಕರೆ ಕಾರ್ಖಾನೆಗೆ ಹೋಗಿದ್ದ. ಅವನು ಬರುವ ತನಕ ಕಾಯಬಹುದಿತ್ತು. ಆದರೆ ನಾನು ಪದವೀಧರ. ಖಾಲಿ ಬಕೆಟ್ಟಿಗೆ ಆಸಿಡ್ ಸುರಿದೆ. ಲೆಕ್ಕ ಬಾಯಲ್ಲೇ ಮಾಡುತ್ತ, ಅದರ ಮೇಲೆ ಬಗ್ಗಿ, ನೀರಿನ ಕೊಡ ಬಾಗಿಸಿದೆ.

ಹತ್ತಿರದಲ್ಲೇ ಕಳೆ ತೆಗೆಯುತ್ತಿದ್ದ ವೈನಿ ಹಿಂದಿನಿಂದ ನನ್ನ ಕಾಲರ್ ಹಿಡಿದು ಜಗ್ಗಿದರು. ಬದುವಿನ ಮೇಲೆ ಬಿದ್ದೆ. ಬಕೆಟ್ಟಿನ ಆಸಿಡ್ ಚರ್ರೆಂದು ಸಿಡಿಯಿತು. ನನ್ನ ಮುಖ ಇದ್ದ ಜಾಗದಲ್ಲಿ ಹನಿಗಳು ಹಾರಿದವು. ಆ ಜಾಗವನ್ನು ನಾನು ಇಂದಿಗೂ ನೋಡುತ್ತೇನೆ. ವೈನಿ ಆಗ ಬುತ್ತಿ ತರಲು ಮನೆಗೆ ಹೋಗಿದ್ದರೆ ಎಂದುಕೊಂಡು, ಮತ್ತೆ ಮೊದಲಿನಿಂದ ನೋಡುತ್ತೇನೆ.

ತೋಳಿಗೆ ನಾಲ್ಕು ಹನಿ ತಾಗಿದ್ದವು; ಕಲೆ ಇನ್ನೂ ಹೋಗಿಲ್ಲ. ಪಂಪಿನ ನೀರಿನ ಕೆಳಗೆ ವೈನಿ ಆ ತೋಳನ್ನು ಬಹಳ ಹೊತ್ತು ಹಿಡಿದರು. ಅವರ ಸೆರಗಿಗೂ ತೂತು ಬಿದ್ದಿತ್ತು. ನಾನು ಕೊಸರಿದರೂ ಹಿಡಿತ ಬಿಡಲಿಲ್ಲ. ಬೈಯಲೂ ಇಲ್ಲ.

"ಈಗ ಹೇಳ್ರಿ ಮಾಸ್ತರ್ರ," ಎಂದರು. "ಯಾವ್ದು ಯಾವುದ್ರಾಗ?"

ಉತ್ತರ ಗೊತ್ತಿತ್ತು.

ವೈನಿ ಆ ಸಲ ಪಾಸಾದರು. ಉತ್ತರಪತ್ರಿಕೆಯಲ್ಲೂ ಬಾಣ ಎಳೆದು ಬಂದೆ ಎಂದು, ನನ್ನ ಮುಖ ನೋಡದೆ, ರೊಟ್ಟಿ ಬಡಿಯುತ್ತ ಹೇಳಿದರು.

ಇವತ್ತು ಸಂಜೆ ಟ್ಯೂಷನ್ನಿನಲ್ಲಿ ಇದೇ ಪಾಠ. ಇಷ್ಟು ವರ್ಷ ನೇರವಾಗಿ ಸೂತ್ರಕ್ಕೆ ಹೋಗುತ್ತಿದ್ದವನು, ಮೊದಲು ಬೋರ್ಡಿನ ಮೇಲೆ ಎರಡು ತಂಬಿಗೆ ಬರೆದೆ, ನಡುವೆ ಒಂದು ಬಾಣ. ಮುಂದಿನ ಬೆಂಚಿನ ಹುಡುಗಿ ಕೇಳಿದಳು:

"ಸರ್, ಈ ಬಾಣಕ್ಕ ಮಾರ್ಕ್ಸ್ ಅದಾವ್ರಿ?"

"ಇಲ್ಲವ್ವಾ," ಎಂದೆ. "ಆದ್ರೂ ಬರಕೋ."

ಅವಳು ಬರೆಯಲಿಲ್ಲ, ಯಾಕೆಂಬಂತೆ ನೋಡಿದಳು. ನಾನು ಗುಂಡಿ ಬಿಚ್ಚಿ ಅಂಗಿಯ ತೋಳನ್ನು ಮೇಲೇರಿಸಿದೆ.