ಖಾಲಿ ಕಂಡಿಕೆ, ತುಂಬಿದ ಕಂಡಿಕೆ

ಕರ್ನಾಟಕ ಒಂದಾದ ವರ್ಷ ನಾನು ಗದಗಿನ ಹೈಸ್ಕೂಲಿನಲ್ಲಿದ್ದೆ. ಬೆಟಗೇರಿಯ ನಮ್ಮ ನೇಕಾರರ ಓಣಿಯಿಂದ ಹೈಸ್ಕೂಲು ಹತ್ತಿದವನು ನಾನೊಬ್ಬನೇ. ಅದರ ಜಂಬವೂ ಬೇಕಾದಷ್ಟಿತ್ತು. ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕನನ್ನು ನಾಲ್ಕನೇ ಇಯತ್ತೆಗೇ ಶಾಲೆ ಬಿಡಿಸಿ ರಾಟಿಯ ಮುಂದೆ ಕೂರಿಸಿದ್ದರು. ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ಕಂಡಿಕೆ ಎನ್ನುತ್ತೇವೆ. ಅವಳು ಅದಕ್ಕೆ ನೂಲು ಸುತ್ತಿಕೊಟ್ಟರೇ ಅಪ್ಪನ ಮಗ್ಗ ನಡೆಯುವುದು.

ಸಂಜೆ ನಾನು ಅವಳ ಪಕ್ಕ ಕೂತು ಅವತ್ತಿನ ಪಾಠ ಒದರುತ್ತಿದ್ದೆ. ನನಗದು ಬಾಯಿಪಾಠ, ಅವಳಿಗೆ ಅದೇ ಶಾಲೆ. ಆ ವಾರ ಮಾಸ್ತರರು ಬೀಜಗಣಿತದ ಅಸಮತೆ ಹಿಡಿದಿದ್ದರು. 'ಮೈನಸ್ ಎರಡು ಕ್ಷ, ಆರಕ್ಕಿಂತ ಕಡಿಮೆ' ಎಂದು ಲೆಕ್ಕ. ಮೈನಸ್ ಎರಡರಿಂದ ಭಾಗಿಸಿದರೆ 'ಕಡಿಮೆ' ಇದ್ದದ್ದು 'ಹೆಚ್ಚು' ಆಗಬೇಕಂತೆ. ಯಾಕೆ ಆಗಬೇಕು? ನನಗದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಅಕ್ಕ ರಾಟಿ ನಿಲ್ಲಿಸಿ ನೆಲದ ಮೇಲೆ ಒಂದೆಳೆ ನೂಲು ಹಾಸಿದಳು. ನಡುವೆ ಸೊನ್ನೆ, ಬಲಕ್ಕೆ ಎರಡು, ಐದು ಎಂದು ಗಂಟು ಹಾಕಿದಳು. "ಎರಡಕ್ಕಿಂತ ಐದು ದೊಡ್ಡದು, ಹೌದಲ್ಲೋ? ಈಗ ನೋಡು" ಎಂದು ಸೊನ್ನೆಯ ಹತ್ತಿರ ಒತ್ತಿ ಹಿಡಿದು ನೂಲನ್ನು ಎಡಕ್ಕೆ ತಿರುವಿ ಹಾಕಿದಳು. "ಐದು ಭಾಳ ಹಿಂದ ಹೋತು, ಎರಡು ಮುಂದ ಉಳೀತು. ಮೈನಸ್ ಬಂದ್ರ ದೊಡ್ಡದು ಸಣ್ಣದಾಗ್ತೈತಿ. ಅದಕ್ಕ ಚಿಹ್ನಿ ತಿರುವಬೇಕು."

ಉತ್ತರ 'ಮೈನಸ್ ಮೂರಕ್ಕಿಂತ ಹೆಚ್ಚು.' ಮೈನಸ್ ಮೂರು ಸ್ವತಃ ಲೆಕ್ಕಕ್ಕಿಲ್ಲ ಎಂದು ನೂಲಿನ ಮೇಲೆ ಆ ಜಾಗದಲ್ಲಿ ಖಾಲಿ ಕಂಡಿಕೆ ಇಟ್ಟಳು. ಲೆಕ್ಕಕ್ಕಿದ್ದರೆ ತುಂಬಿದ್ದು ಇಡುತ್ತಿದ್ದಳು. ನಾನು ನೋಟುಬುಕ್ಕಿನಲ್ಲಿ ನೂಲನ್ನೂ ಕಂಡಿಕೆಯನ್ನೂ ಹಾಗೇ ಬರೆದುಕೊಂಡೆ.

"ಇದು ಸರಿ ಐತೇನು, ಮಾಸ್ತರನ್ನ ಕೇಳು. ಸರಿ ಅಂದ್ರ ಮುಲ್ಕಿ ಪರೀಕ್ಷಾಕ್ಕ ಕುಂಡ್ರತೀನಿ ಅಂತ ಅಪ್ಪಗ ಹೇಳ್ತೀನಿ" ಎಂದಳು. ಏಳನೇ ಇಯತ್ತೆಯ ಆ ಪರೀಕ್ಷೆ ಪಾಸಾದರೆ ಹಳ್ಳಿ ಶಾಲೆಯಲ್ಲಿ ಕಲಿಸುವ ಅಕ್ಕೋರಾಗಬಹುದಿತ್ತು.

ಮರುದಿನ ಮಾಸ್ತರರು ನನ್ನ ನೋಟುಬುಕ್ಕನ್ನು ಬಹಳ ಹೊತ್ತು ನೋಡಿದರು. "ಭೇಷ್! ಇದನ್ನ ಯಾರು ಹೇಳಿಕೊಟ್ರೋ?"

ವರ್ಗವೆಲ್ಲ ನನ್ನತ್ತ ತಿರುಗಿತ್ತು. "ನಾನ ಮಾಡೇನ್ರಿ" ಎಂದೆ. ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ.

ಸಂಜೆ ಹೊಸಿಲು ದಾಟುವುದರೊಳಗೆ ಅಕ್ಕ ಕೇಳಿದಳು, "ಏನಂದ್ರು?"

ಸರಿ ಎಂದರೆ ಅವಳು ಅಪ್ಪನಿಗೆ ಹೇಳುತ್ತಾಳೆ, ಅಪ್ಪ ಮಾಸ್ತರರನ್ನು ಕಾಣುತ್ತಾನೆ, ನನ್ನ ಸುಳ್ಳು ಬಯಲಾಗುತ್ತದೆ. "ತಪ್ಪಂತ" ಎಂದೆ.

"ಹೌದೇನು?" ಎಂದಳು. ರಾಟಿ ಮತ್ತೆ ತಿರುಗಿತು. ಆಮೇಲೆ ನಾನು ಎಷ್ಟು ಒದರಿದರೂ ಅವಳು ಕಿವಿಗೊಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ಮುಂಡರಗಿಗೆ ಕೊಟ್ಟು ಮದುವೆ ಮಾಡಿದರು.

ನಾನು ಗಣಿತದ ಮಾಸ್ತರನೇ ಆದೆ. ಪ್ರತಿ ವರ್ಷ ಆ ಪಾಠವನ್ನು ಅವಳ ನೂಲಿನಿಂದಲೇ ಕಲಿಸಿದೆ, ಅವಳ ಹೆಸರು ಹೇಳದೆ. ನಾಚಿಕೆಗೇಡಿ ನಾನು. ಎಷ್ಟೋ ವರ್ಷದ ಮೇಲೆ ಮುಂಡರಗಿಗೆ ಹೋದಾಗ ಅವಳ ಮಗಳು ಲೆಕ್ಕ ಕೇಳಲು ಪಾಟಿ ಹಿಡಿದು ತಾಯಿಯ ಹತ್ತಿರ ಬಂದಳು. "ನನ್ನ ಕೇಳಬ್ಯಾಡವ್ವಾ, ಮಾಮಾನ್ನ ಕೇಳು" ಎಂದಳು ಅಕ್ಕ.

ತಡೆಯಲಾಗಲಿಲ್ಲ. "ಅಕ್ಕಾ, ಅವತ್ತು ನಿಂದು ಸರಿ ಇತ್ತು. ಮಾಸ್ತರ ಭೇಷ್ ಅಂದಿದ್ರು. ನಾ ಸುಳ್ಳು ಹೇಳಿದೆ" ಎಂದು ಅತ್ತುಬಿಟ್ಟೆ.

ಅವಳು ನಕ್ಕು ಸೆರಗಿನಿಂದ ನನ್ನ ಮುಖ ಒರೆಸಿದಳು. "ಹುಚ್ಚಪ್ಪಾ, ನನಗ ಖುಷಿ ಆಗ್ಲಿ ಅಂತ ಈಗ ಸುಳ್ಳು ಹೇಳ್ತೀಯೇನು?"