ದಾರು, ದ್ರುಮ, ಗಿಡ

ಮಗಳ ಬಾಣಂತನದ ಕಷಾಯಕ್ಕೆ ಸಾಮಾನು ಬೇಕಾಗಿತ್ತು. ಗಾಂಧಿ ಚೌಕದ ಹಿಂದಿನ ಓಣಿಯ ಗ್ರಂಧಿಗೆ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಡಬ್ಬಿಯೊಂದರ ಮುಚ್ಚಳ ತೆಗೆದು, ಕಂದು ಬಣ್ಣದ ಕಟ್ಟಿಗೆಯ ಚಕ್ಕೆಗಳನ್ನು ತಕ್ಕಡಿಗೆ ಸುರಿದರು. ದೇವದಾರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಹಿಂದೆ ಹಾರ್ನ್ ಹೊಡೆಯುತ್ತಿದ್ದ ಆಟೋಗಳ ಗದ್ದಲ ಕಿವಿಗೆ ಬೀಳದಾಯಿತು. ಬಿಳಿ ಸೀರೆಗೆ ಸುಣ್ಣದಕಡ್ಡಿಯ ಪುಡಿ ಮೆತ್ತಿಕೊಂಡು, ಇಂಥದೇ ಒಂದು ಚಕ್ಕೆಯನ್ನು ಬೆಂಚಿನಿಂದ ಬೆಂಚಿಗೆ ದಾಟಿಸುತ್ತಿದ್ದ ಅಕ್ಕೋರು ಕಣ್ಣ ಮುಂದೆ ನಿಂತರು…

ಅವರನ್ನು ನಾವೆಲ್ಲ ಸಂಸ್ಕೃತ ಅಕ್ಕೋರು ಎನ್ನುತ್ತಿದ್ದೆವು. ವಿಜಯಪುರದಲ್ಲಿ ಹೈಸ್ಕೂಲು ಓದುವಾಗ ನಾನು ಅವರ ವಿದ್ಯಾರ್ಥಿನಿ. ಮುಂದೆ ಬಬಲೇಶ್ವರದ ಸಾಲೆಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕ ಮೇಲೆ ವಿಜಯಪುರದಲ್ಲೇ ನಾವು ಕೊಂಡ ಮನೆ ಅವರ ಮನೆಯ ಪಕ್ಕದ್ದೇ ಆಗಿತ್ತು. ಘೋಣಸಗಿಯ ಒಕ್ಕಲುತನದ ಮನೆಯ ಮಗಳು ಅವರು. ಜೋಳದ ಹೊಲದಲ್ಲಿ ಕಳೆ ತೆಗೆಯುತ್ತ ವಿಭಕ್ತಿಗಳನ್ನು ಬಾಯಿಪಾಠ ಮಾಡಿದವರು. "ನಮ್ಮಂಥಾರ ಮನಿ ಹುಡುಗಿ ಸಂಸ್ಕೃತ ಕಲ್ತು ಏನ ಮಾಡೂದೈತಿ?" ಎಂದು ಊರವರು ಕೇಳಿದರೆ, "ಕಲೀತೀನಿ" ಎಂದಷ್ಟೇ ಹೇಳುತ್ತಿದ್ದರಂತೆ. ವಾದಕ್ಕೆ ಇಳಿಯುವ ಸ್ವಭಾವವೇ ಅಲ್ಲ.

ಆ ದೇವದಾರಿನ ಚಕ್ಕೆ ನಮ್ಮ ಕೈಕೈ ದಾಟಿದ ದಿನ ಅವರು ಹಲಗೆಯ ಮೇಲೆ 'ದಾರು' ಎಂದು ಬರೆದರು. ಅಂದರೆ ಕಟ್ಟಿಗೆ. ಅದರ ಕೆಳಗೆ 'ದ್ರುಮ', ಅಂದರೆ ಮರ. ಅದರ ಕೆಳಗೆ, ಸಂಸ್ಕೃತದ ತರಗತಿಯಲ್ಲಿ ಯಾರೂ ನಿರೀಕ್ಷಿಸದ ಹಾಗೆ, 'ಟ್ರೀ'. ಮೂರೂ ಒಂದೇ ತಾಯಿಯ ಮಕ್ಕಳು ಎಂದರು. ನಾವು ನಕ್ಕೆವು. ಅವರು ನಗಲಿಲ್ಲ. ನನ್ನ ಪಕ್ಕದಲ್ಲಿ ಕೂಡುತ್ತಿದ್ದ ಗೆಳತಿಯನ್ನು ಎಬ್ಬಿಸಿ, "ನಿಮ್ಮ ಅಜ್ಜಿ ದಾಲ್ಚಿನ್ನಿಗೆ ಏನಂತಾರವಾ?" ಎಂದು ಕೇಳಿದರು. "ದಾರಚೀನಿ ಅಂತಾರ್ರಿ" ಎಂದಳು ಅವಳು. ಅಕ್ಕೋರ ಮುಖ ಅರಳಿತು. ಪಾರಸಿಯಲ್ಲಿ 'ದಾರ್' ಎಂದರೆ ಮರ. ದಾರಚೀನಿ ಎಂದರೆ ಚೀನಾದ ಕಟ್ಟಿಗೆ. ಮಸಾಲೆ ಡಬ್ಬಿಯಲ್ಲಿಯೂ ಅದೇ ತಾಯಿಯ ಇನ್ನೊಂದು ಮಗು!

ಸಾವಿರಾರು ವರ್ಷಗಳ ಹಿಂದೆ, ಬಡಗಣದ ದೂರದ ಬಯಲಲ್ಲಿ ದನ ಕಾಯ್ದುಕೊಂಡಿದ್ದ ಜನ ಮರಕ್ಕೆ 'ದೊರು' ಎನ್ನುವಂಥ ಒಂದು ಮಾತು ಆಡುತ್ತಿದ್ದರಂತೆ. ಅದನ್ನು ಯಾರೂ ಬರೆದಿಡಲಿಲ್ಲ. "ಮತ್ತ ಹ್ಯಾಂಗ ಗೊತ್ತಾತ್ರಿ?" ಎಂದು ಕೇಳಿದೆ. "ಸತ್ತ ಮುತ್ತಜ್ಜಿ ಮೂಗು ಹ್ಯಾಂಗಿತ್ತು ಅಂತ ಮೊಮ್ಮಕ್ಕಳ ಮೂಗು ನೋಡಿ ಹೇಳೂದಿಲ್ಲೇನು? ಹಾಂಗ" ಎಂದರು. ಅಲುಗದೆ ಗಟ್ಟಿಯಾಗಿ ನಿಲ್ಲುವುದು ಎನ್ನುವ ಅರ್ಥವೂ ಆ ಬೇರಿನಲ್ಲಿತ್ತೆಂದೂ, ಇಂಗ್ಲಿಷಿನ 'ಟ್ರೂ' ಅದರಿಂದಲೇ ಬಂತೆಂದೂ ಹೇಳಿದರು. ನಾನು ಭಾಷೆ ಕಲಿಸುವ ಕೆಲಸಕ್ಕೆ ಬಂದದ್ದು ಆ ಒಂದು ತಾಸಿನ ದೆಸೆಯಿಂದ.

ನಿವೃತ್ತಿಯಾದ ಮರುವರ್ಷವೇ ಅವರಿಗೆ ಲಕ್ವ ಹೊಡೆಯಿತು. ಬಲಗೈ ಸೋತಿತು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮಾತಿಗೆ. ಮದುವೆಯಾಗದೆ ಒಂಟಿಯಾಗಿದ್ದ ಅವರನ್ನು ನೋಡಿಕೊಳ್ಳಲು ಘೋಣಸಗಿಯಿಂದ ತಮ್ಮ ಬಂದು ನಿಂತರು. ಹೊಲವನ್ನು ಮಕ್ಕಳಿಗೆ ಬಿಟ್ಟು ಬಂದಿದ್ದ ಮೆದು ಸ್ವಭಾವದ ಮನುಷ್ಯ. ಅಕ್ಕೋರಿಗೆ ನಾವು ಹೇಳುವುದೆಲ್ಲ ತಿಳಿಯುತ್ತಿತ್ತು. ತಿರುಗಿ ಹೇಳಲು ಹೋದರೆ ಶಬ್ದ ಸಿಗುತ್ತಿರಲಿಲ್ಲ. ವಿಚಿತ್ರವೆಂದರೆ 'ರಾಮಃ ರಾಮೌ ರಾಮಾಃ' ಎಂದು ಶುರು ಮಾಡಿಕೊಟ್ಟರೆ ಕೊನೆಯ ವಿಭಕ್ತಿಯವರೆಗೂ ತಪ್ಪಿಲ್ಲದೆ ಹೇಳುತ್ತಿದ್ದರು. ನೀರು ಬೇಕಾದರೆ ಮಾತ್ರ ಕೈ ಸನ್ನೆ. ಎದುರಿಗಿದ್ದ ತಮ್ಮನನ್ನು ಕರೆಯಲೂ ಆಗುತ್ತಿರಲಿಲ್ಲ. ಅದೊಂದನ್ನು ಆ ಮನುಷ್ಯನಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ.

ಒಂದು ಮುಂಜಾನೆ ಅಕ್ಕೋರ ತಮ್ಮ ಕಂಪೌಂಡಿನ ಆಚೆಯಿಂದ ಗಾಬರಿಯಾಗಿ ಕೂಗಿದರು. "ಟೀಚರ್, ಜರಾ ಬರ್ರಿ! ಅಕ್ಕ ದಾರು ಬೇಡಾಕತ್ತಾಳ್ರಿ! ಜಲ್ಮದಾಗ ಅದರ ವಾಸನಿ ನೋಡಿದಾಕಿ ಅಲ್ಲ!"

ಓಡಿ ಹೋದೆ. ಅಕ್ಕೋರು ಹಾಸಿಗೆಯ ಮೇಲೆ ಎದ್ದು ಕೂತು ಕಿಟಕಿಯ ಕಡೆ ಎಡಗೈ ಚಾಚಿದ್ದರು. "ದಾರು… ದಾರು…" ಕಿಟಕಿಯಾಚೆ ಬೇವು ತುಂಬ ಹೂ ಬಿಟ್ಟು ನಿಂತಿತ್ತು. ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. "ಕುಡಿಯೂ ದಾರು ಅಲ್ಲರಿ ಕಾಕಾ, ಬೇವಿನ ಗಿಡ ತೋರ್ಸಾಕತ್ತಾರ" ಎಂದೆ. ಅಕ್ಕೋರು ತಲೆಯಾಡಿಸಿದರು. ಕಲಿತ ಭಾಷೆ ಮೊದಲು ಬಂದಿತ್ತು. ಹುಟ್ಟಿದ ಮನೆಯ ಮಾತು ಇನ್ನೂ ಹಿಂದೆಯೇ ಉಳಿದಿತ್ತು.

ಅಂದಿನಿಂದ ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಅಭ್ಯಾಸ. ನಾನು ಬಾಯಿ ತಡೆಯದೆ ಶಬ್ದ ಹೇಳಿಕೊಡಲು ಹೋದರೆ ಅಂಗೈ ಎತ್ತಿ ತಡೆಯುತ್ತಿದ್ದರು. ತಾವೇ ಹುಡುಕಬೇಕು. ಹಣೆಯ ನರ ಉಬ್ಬುತ್ತಿತ್ತು, ಬೆವರು ಇಳಿಯುತ್ತಿತ್ತು, ಕೈ ಮಾತ್ರ ಇಳಿಯುತ್ತಿರಲಿಲ್ಲ. 'ದ್ರುಮ' ಬಂತು. 'ಟ್ರೀ' ಬಂತು. ನೀರು, ಅನ್ನ, ಬಾಗಿಲು ಒಂದೊಂದಾಗಿ ಬಂದವು. 'ಗಿಡ' ಬರಲೇ ಇಲ್ಲ. 'ತಮ್ಮ'ನೂ ಬರಲಿಲ್ಲ.

ಒಂದು ದಿನ ನನ್ನ ಚೀಲದಿಂದ ಸುಣ್ಣದಕಡ್ಡಿ ಎಳೆದುಕೊಂಡು, "ಪಾಠ" ಎಂದರು. ಸಾಲೆಗೆ ಬಂದು ಪಾಠ ಮಾಡುವುದು ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ತಮ್ಮ ಒಪ್ಪಲಿಲ್ಲ. "ಬ್ಯಾಡಬೇ ಯಕ್ಕಾ. ಹುಡುಗ್ರು ನಗ್ತಾರ. ಅದನ್ನ ನೋಡಾಕ ನನ್ನ ಕೈಲಿ ಆಗೂದಿಲ್ಲ." ಅಕ್ಕೋರು ಕೋಲನ್ನು ನೆಲಕ್ಕೆ ಕುಟ್ಟಿದರು. "ನಗ್ಲಿ."

ನಮ್ಮ ಹೆಡ್‌ಮಾಸ್ತರರು ಒಂದು ಪಿರಿಯಡ್ ಬಿಟ್ಟುಕೊಟ್ಟರು. ಬಬಲೇಶ್ವರಕ್ಕೆ ಕಾರು ಮಾಡಿಕೊಂಡು ಹೋದೆವು. ಒಂಬತ್ತನೆಯ ತರಗತಿ. ಅಕ್ಕೋರು ಎಡಗೈಯಲ್ಲಿ ಬರೆದ ಅಕ್ಷರಗಳು ಹಲಗೆಯ ತುಂಬ ಸೊಟ್ಟಗೆ ಹರಡಿದವು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಕ್ಕೋರು ಅಲ್ಲಿಯೇ ದಿಟ್ಟಿಸಿ, ಸದ್ದು ತಾನಾಗಿ ನಿಲ್ಲುವವರೆಗೆ ಸುಮ್ಮನೆ ನಿಂತರು. ಆಮೇಲೆ ಬರೆದದ್ದನ್ನು ಒಂದೊಂದಾಗಿ ಮುಟ್ಟಿ, "ದಾರು… ದ್ರುಮ… ಟ್ರೀ… ಒಂದ… ತಾಯಿ" ಎಂದರು. ಅಷ್ಟು ಹೇಳಲು ಪಿರಿಯಡ್ಡಿನ ಅರ್ಧ ಹೋಗಿತ್ತು. ಅಷ್ಟರಲ್ಲಿ ಮಕ್ಕಳು ಮುಂದಕ್ಕೆ ಬಾಗಿ ಕೇಳತೊಡಗಿದ್ದರು.

ಅರಕೇರಿ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಅಕ್ಕೋರ, ನಾವು ಗಿಡ ಅಂತೀವಲ್ರಿ? ಅದೂ ಆ ತಾಯಿದ ಏನ್ರಿ?"

ಅಕ್ಕೋರ ತುಟಿ ಅಲುಗಿತು. ಸ್ವರ ಬರಲಿಲ್ಲ. ನಾನು ಎದ್ದೆ, ಅವರ ಅಂಗೈ ಮೇಲೆದ್ದಿತು. ಬಾಗಿಲ ಬಳಿ ನಿಂತಿದ್ದ ತಮ್ಮ ಮುಖ ತಿರುಗಿಸಿಕೊಂಡರು. "ಗಿ…" ಎಂದರು ಅಕ್ಕೋರು. "ಗಿ… ಗಿಡ."

ಇನ್ನೊಮ್ಮೆ ಹೇಳಿದರು, ಗಟ್ಟಿಯಾಗಿ. "ಗಿಡ. ಮರ. ಇವು… ಬ್ಯಾರೆ ತಾಯಿವು." ಎಡಗೈಯನ್ನು ಎದೆಯ ಮೇಲಿಟ್ಟುಕೊಂಡರು. "ನಮ್ಮ… ಮನಿವು."

ತಿರುಗಿ ಬರುವಾಗ ಅವರು ಕಿಟಕಿಯ ಪಕ್ಕ ಕೂತಿದ್ದರು. ದಾರಿಯಲ್ಲಿ ಜಾಲಿ ಬಂದರೂ, ಹುಣಸೆ ಬಂದರೂ "ಗಿಡ" ಎನ್ನುತ್ತಿದ್ದರು. ತಮ್ಮ ಪ್ರತಿ ಸಲವೂ "ಹೌದಬೇ, ಗಿಡ" ಎಂದು ಓಗೊಡುತ್ತಿದ್ದರು. ವಿಜಯಪುರ ಹತ್ತಿರವಾದಾಗ ಅಕ್ಕೋರು ಹೊರಗೆ ನೋಡುವುದನ್ನು ಬಿಟ್ಟು, ಅವರ ಕಡೆ ಹೊರಳಿ, ಬಹಳ ದಿನದಿಂದ ಹುಡುಕುತ್ತಿದ್ದವರ ಹಾಗೆ ಮುಖ ನೋಡಿದರು.

"ತಮ್ಮಾ."

ಆ ಮನುಷ್ಯ ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಮುಂದೆಯೂ ಮಾತು ಪೂರ್ತಿ ಮರಳಲಿಲ್ಲ. ಸಿಕ್ಕಷ್ಟನ್ನೇ ಹಿಡಿದುಕೊಂಡು ಆ ವರ್ಷವೆಲ್ಲ ಆಗಾಗ ಬಬಲೇಶ್ವರಕ್ಕೆ ಬಂದು ಪಾಠ ಮಾಡಿದರು. ಮಕ್ಕಳು ಅವರಿಗಾಗಿ ಕಾಯುತ್ತಿದ್ದರು. ಬೇಸಿಗೆಯಲ್ಲಿ ತಮ್ಮನ ಜೊತೆ ಘೋಣಸಗಿಗೆ ಹೋದವರು ಎರಡನೆಯ ಪೆಟ್ಟಿನಿಂದ ಏಳಲಿಲ್ಲ. ಸುದ್ದಿ ಕೇಳಿ ಹೊರಟ ನಾನು ದಾರಿಯಲ್ಲಿ ಟಿಕೋಟಾ ದಾಟುವಷ್ಟರಲ್ಲೇ ಎಲ್ಲ ಮುಗಿದಿತ್ತು…

ಇವತ್ತು ಪುಸ್ತಕ ಓದುತ್ತ 'ಬಿದಿರು' ಎನ್ನುವ ಶಬ್ದಕ್ಕೆ ಬಂದು ನಿಂತೆ. ಇದು ಯಾವ ಮನೆಯದು? ಕೇಳೋಣವೆಂದು ಎದ್ದು ಕಂಪೌಂಡಿನವರೆಗೂ ಹೋಗಿ, "ಅಕ್ಕೋರ" ಎಂದು ಕರೆದೇಬಿಟ್ಟೆ. ಆ ಮನೆಯಲ್ಲಿ ಈಗ ಬಾಡಿಗೆಗೆ ಇರುವ ಹೆಣ್ಣುಮಗಳು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. "ಯಾರನ್ನ ಕರದ್ರಿ ಟೀಚರ್?" ಎಂದಳು.

"ಯಾರಿಲ್ಲವಾ" ಎಂದೆ.

ಒಳಗೆ ಬಂದು ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ನೆಲದ ಮೇಲೆ ಹರಡಿಕೊಂಡು ಕೂತಿದ್ದೇನೆ. ಉತ್ತರ ಇನ್ನೂ ಸಿಕ್ಕಿಲ್ಲ. ಹೇಳಿಕೊಡುವವರೂ ಇಲ್ಲ. ಹುಡುಕುತ್ತೇನೆ.